ಹರಿಹರದಲ್ಲಿ ನಾನು ಮಾಡಬೇಕಿದ್ದ ಭಾಷಣ

ಹದಡಿ
೧೯ ನವೆಂಬರ್ ೨೦೨೪, ಮಂಗಳವಾರ

ಚಿರಂಜೀವಿ ಶಾಂತಲಾಗೆ, ನಿನ್ನ ಸೋದರಮಾವ ಉಚ್ಚೆಂಗಪ್ಪನ ತುಂಬು ಮನಸ್ಸಿನ ಆಶೀರ್ವಾದ.

ಇಡೀ ದಾವಣಗೆರೆ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆಯನ್ನು ನೆಲಕ್ಕೆ ಕೆಡವಿ ಅದರ ಎದೆ ಮೇಲೆ ಕೂತ ಗಂಡಸು ಅಂತ ಇದ್ದರೆ ಅದು ನಾನೊಬ್ಬನೇ. ನನ್ನನ್ನು ಕಂಡರೆ ದೊಡ್ಡ ದೊಡ್ಡ ಡಾಕ್ಟರುಗಳು ಎದ್ದು ನಿಲ್ಲುತ್ತಾರೆ. ಅಂಥವನು ಮೊನ್ನೆ ಭಾನುವಾರ ನಿನ್ನ ಹರಿಹರದ ಚಿಕಿತ್ಸಾ ಕೇಂದ್ರದ ಮೂರನೇ ವರ್ಷದ ಸಭೆಗೆ ಬರಲಿಲ್ಲ ಅಂತ ನಿನಗೆ ಸಿಟ್ಟು ಬಂದಿರುತ್ತೆ. ಮುಂದಿನ ಸಾಲಿನಲ್ಲಿ ನನಗೊಂದು ಕುರ್ಚಿ ಹಾಕಿಸಿ, "ನಮ್ಮ ಮಾವ ಎರಡು ಮಾತಾಡ್ತಾರೆ" ಅಂತ ಮೈಕಿನಲ್ಲಿ ಹೇಳಿದ್ದೆಯಂತೆ. ತಪ್ಪಾಯ್ತು ತಾಯಿ. ಮಾಯಕೊಂಡದಲ್ಲಿ ಅಣ್ಣತಮ್ಮಂದಿರ ಒಂದು ಪಂಚಾಯ್ತಿ ಇತ್ತು, ನಾನಿಲ್ಲದೆ ಬಗೆಹರಿಯೋ ಹಂಗಿರಲಿಲ್ಲ. ಜೊತೆಗೆ ಕಾಲು ಎಡವಿ ಒಂದು ಉಗುರು ಹೋಗಿದೆ, ಚಪ್ಪಲಿ ಏರುತ್ತಿಲ್ಲ. ಅದೇನು ದೊಡ್ಡದಲ್ಲ ಬಿಡು.

ಫೋನು ಯಾಕ ಮಾಡಲಿಲ್ಲ ಅಂತೀಯ. ಫೋನಿನಲ್ಲಿ ನೀನು ಮಧ್ಯೆ ಬಾಯಿ ಹಾಕ್ತೀಯ. ಕಾಗದದ ಮೇಲೆ ನಾನೊಬ್ಬನೇ ಮಾತಾಡಬಹುದು. ಏಳನೇ ಇಯತ್ತೆಯವರೆಗೆ ಹದಡಿ ಶಾಲೆಯಲ್ಲಿ ನನ್ನಷ್ಟು ಚಂದ ಅಕ್ಷರ ಯಾರದೂ ಇರಲಿಲ್ಲ, ಅದೂ ನಿನಗೆ ಗೊತ್ತಾಗಲಿ. ಹಂಗಾಗಿ ಆ ಭಾಷಣವನ್ನು ಇಲ್ಲೇ ಮಾಡಿಬಿಡ್ತೀನಿ. ಚಪ್ಪಾಳೆ ನೀನೇ ಹೊಡ್ಕೋ.

ಸಭಿಕರೇ, ಈ ಹುಡುಗಿ ಮೊದಲು ದಾವಣಗೆರೆಯ ಒಂದು ದೊಡ್ಡ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಕೆಲಸಕ್ಕಿದ್ದಳು. ಬಿಳಿ ಕೋಟು, ತಂಪು ರೂಮು. ನಮ್ಮಕ್ಕ ಉಡಚಮ್ಮ, ಅಂದ್ರೆ ಇವಳ ತಾಯಿ, ತರಕಾರಿ ತಗೊಳ್ಳೋಕೆ ಹೋದರೂ ಮಗಳ ಸುದ್ದಿ ಹೇಳದೆ ಚೀಲ ತುಂಬಿಸುತ್ತಿರಲಿಲ್ಲ. ಆ ಆಸ್ಪತ್ರೆಗೆ ಜಮಾಲ್ ಸಾಬ್ ಬಂದ. ಮಂಡಕ್ಕಿ ಭಟ್ಟಿಯಲ್ಲಿ ಅಕ್ಕಿ ಹುರಿದು ಹುರಿದು ಎದೆಗೂಡು ಹೊಗೆಗೂಡಾದ ಮನುಷ್ಯ. ಎದೆ ಡಾಕ್ಟರು ಬಾಯಿಗೆ ಹಿಡಿದು ಎಳೆಯೋ ಔಷಧಿ ಪಂಪು ಬರೆದುಕೊಟ್ಟರು, ಇವಳು ಹೊಟ್ಟೆ ಮೇಲೆ ಕೈ ಇಟ್ಟು ಉದ್ದಕೆ ಉಸಿರು ಎಳೆಯೋದು ಕಲಿಸಿದಳು. ತಿಂಗಳು ತಿಂಗಳು ಬಂದ, ಬಂದಾಗೊಮ್ಮೆ ಮೊದಲಿಗಿಂತ ಸೋತಿರುತ್ತಿದ್ದ. "ಹೇಳಿದ್ದು ಮಾಡ್ತೀರಾ?" ಅಂದ್ರೆ, "ಒಂದು ದಿನಾನೂ ತಪ್ಪಿಸಿಲ್ರಿ ಮೇಡಂ" ಅಂತಿದ್ದ.

ನೀನು ಒಂದು ಬೆಳಗ್ಗೆ ಅವನ ಭಟ್ಟಿಗೆ ಹೊರಟೆ. ಬಿಸಿ ಮಂಡಕ್ಕಿ ಸಿಗುತ್ತೆ ಅಂತ ನಾನೂ ಸ್ಕೂಟಿ ಹಿಂದೆ ಹತ್ತಿದೆ. ಏನು ನೋಡಿದ್ವಿ, ನಿನಗೆ ನೆನಪೈತೆ. ಒಲೆಯಲ್ಲಿ ಹಳೇ ಟೈರು ಉರೀತಿತ್ತು. ಅದರ ಎದುರಿಗೇ ಜಮಾಲ್ ಸಾಬ್ ನಮಾಜಿಗೆ ನಿಂತವನ ಹಂಗೆ ಕಣ್ಣು ಮುಚ್ಚಿ, ಹೊಟ್ಟೆ ಮೇಲೆ ಕೈ ಇಟ್ಟು, ನೀನು ಕಲಿಸಿದ ಹಂಗೇ ಉದ್ದಕೆ ಉಸಿರು ಎಳೀತಿದ್ದ.

"ಇಲ್ಲಿ ಯಾಕ್ರೀ ಮಾಡ್ತಿದ್ದೀರಿ?" ಅಂತ ನೀನು ಕೇಳಿದೆ.

"ಮತ್ತೆಲ್ಲಿ ಮಾಡ್ಲಿ ತಾಯಿ? ಬೆಳಗ್ಗೆ ಅಂದ್ರಿ. ಬೆಳಗ್ಗೆ ನಾನು ಇಲ್ಲೇ ಇರ್ತೀನಿ."

ಅವನು ಕೊಟ್ಟ ಮಂಡಕ್ಕಿ ನೀನು ಮುಟ್ಟಲಿಲ್ಲ. ನಿನ್ನ ಪಾಲಿನದೂ ನಾನೇ ತಿಂದೆ. ದಾರಿಯಲ್ಲಿ ನೀನು ಒಂದೇ ಮಾತು ಆಡಿದ್ದು: "ಮಾವ, ನಾನು ಆ ಮನುಷ್ಯನಿಗೆ ಹೊಗೆ ಕುಡಿಯೋದು ಕಲಿಸಿದೆ."

ನಾನು ನಗಿಸೋಕೆ ನೋಡಿದೆ, ನೀನು ನಗಲಿಲ್ಲ. ಆವತ್ತಿಂದ ನೀನು ಬೇರೆಯಾದೆ. ಯೋಗ ಕಲಿತೆ, ಊಟದ ವಿದ್ಯೆ ಕಲಿತೆ, ರೋಗಿಗಳ ಮನೆ ಅಡುಗೆ ಕೋಣೆಗೆ ಹೋಗಿ ಕೂತೆ. ಆಮೇಲೆ ಕೆಲಸ ಬಿಟ್ಟೆ. ನಮ್ಮಕ್ಕ ಮೂರು ತಿಂಗಳು ಮಾತು ಬಿಟ್ಟಳು. "ಕೋಟು ಕಳಚಿ ಚಾಪೆ ಹಾಸ್ತಾಳಂತೆ, ಇದಕ್ಕೇನೋ ಓದ್ಸಿದ್ದು" ಅಂತ ನನ್ನ ಮೇಲೆ ಹರಿಹಾಯ್ದಳು, ಸ್ಕೂಟಿ ಹಿಂದೆ ಕೂತಿದ್ದವನು ನಾನೇ ಅಂತ.

ಹರಿಹರದಲ್ಲಿ ಕೇಂದ್ರಕ್ಕೆ ಅಂತ ಆ ಹಳೇ ಹಿಟ್ಟಿನ ಗಿರಣಿ ಬಾಡಿಗೆಗೆ ಹಿಡಿದೆಯಲ್ಲ, ಮೊದಲ ದಿನ ಬಂದು ಕೂತವರ ಬೆನ್ನಿಗೆಲ್ಲ ಗೋಡೆಯ ಹಿಟ್ಟು ಹತ್ತುತ್ತಿತ್ತು. ಒಂದೇ ಮೇಜಿಗೆ ಇಂಗ್ಲಿಷ್ ಡಾಕ್ಟರು, ಆಯುರ್ವೇದದ ಪಂಡಿತರು, ನೀನು. ಒಬ್ಬ ರೋಗಿಯನ್ನು ಎದುರಿಗೆ ಕೂಡಿಸಿಕೊಂಡು ಅವರಿಬ್ಬರೂ ಕಷಾಯಕ್ಕೆ ಜಗಳ ತೆಗೆದಾಗ ನೀನು ಚಹಾ ಇಟ್ಟು ಅಂದದ್ದು ನಾನು ಇವತ್ತಿಗೂ ಹೇಳ್ತಿರ್ತೀನಿ: "ಕಾಯಿಲೆ ಇವರದು, ಜಗಳ ನಿಮ್ಮದು. ಇವರಿಗೆ ಆನಗೋಡಿನ ಬಸ್ಸು ತಪ್ಪುತ್ತೆ, ಬೇಗ ಮುಗಿಸ್ರಿ."

ಬಂದವರಿಗೆ ನೀನು ಏನು ಕಾಯಿಲೆ ಅಂತ ಮೊದಲು ಕೇಳಲ್ಲ. "ನಿನ್ನೆ ಎದ್ದಾಗಿಂದ ಮಲಗೋವರೆಗೆ ಏನೇನು ಮಾಡಿದ್ರಿ, ಹೇಳ್ರಿ" ಅಂತೀಯ. ಆಮೇಲೆ ಗುಳಿಗೆಯ ಶೀಟುಗಳನ್ನು ಮೇಜಿನ ಮೇಲೆ ಇಡಿಸ್ತೀಯ. "ಉಸಿರು, ಊಟ, ನಡಿಗೆ ನನ್ನದು. ಗುಳಿಗೆ ಕಡಿಮೆ ಮಾಡೋದು ಡಾಕ್ಟರ ಕೆಲಸ. ನನ್ನದಲ್ಲ, ನಿಮ್ಮದಂತೂ ಅಲ್ಲವೇ ಅಲ್ಲ." ಜಮಾಲ್ ಸಾಬ್‌ಗೆ ಪಂಪು ಬಿಡಿಸಲಿಲ್ಲ. ಭಟ್ಟಿ ಮಾಲೀಕನ ಕೈಕಾಲು ಹಿಡಿದು ಒಲೆಯಿಂದ ಚೀಲ ಹೊಲಿಯೋ ಕಡೆ ಹಾಕಿಸಿದೆ, ಬೆಳಗಿನ ಉಸಿರನ್ನು ಕೆರೆ ಏರಿಗೆ ಸಾಗಿಸಿದೆ. ಈಗ ಅವನು ನನ್ನ ಜೊತೆ ದಮ್ಮು ಕಟ್ಟದೆ ವಾದ ಮಾಡಿ ಗೆಲ್ತಾನೆ. ಅದೊಂದು ನೀನು ಮಾಡಿದ ತಪ್ಪು.

ನನಗೂ ಅಷ್ಟೇ ಅಲ್ಲವಾ. ಜೋಳದ ರೊಟ್ಟಿ, ಸೊಪ್ಪು, ಊಟ ಆದಮೇಲೆ ನಡಿಗೆ ಅಂತ ಹಚ್ಚಿದೆ, ಸಕ್ಕರೆ ಇಳೀತು. ಹದಡಿ ಬಸ್ಸಿನಲ್ಲಿ ನಾನು ನಿನ್ನ ಕಥೆ ಹೇಳದ ದಿನ ಇಲ್ಲ. ನಿನ್ನಲ್ಲಿಗೆ ಬರೋರಲ್ಲಿ ಅರ್ಧ ಜನ ನನ್ನ ಬಾಯಿಂದ ಬಂದವರು, ಲೆಕ್ಕ ಇಟ್ಕೋ. ನಮ್ಮ ವಂಶದಲ್ಲಿ ನಿನ್ನಂಥವಳು ಹುಟ್ಟಿದ್ದು ನಮ್ಮ ಪುಣ್ಯ. ಭಾಷಣ ಮುಗೀತು.

ನಿಮ್ಮತ್ತೆ ಚೆನ್ನಾಗಿದ್ದಾಳೆ, ನಿನ್ನನ್ನು ಕೇಳ್ತಾಳೆ. ನಿನ್ನ ಕೈಗುಣ ನೂರು ಊರಿಗೆ ಹರಡಲಿ, ಹೊತ್ತಿಗೆ ಸರಿಯಾಗಿ ನೀನೂ ಉಣ್ಣು.

ಇಂತಿ ನಿನ್ನ ಮಾವ,
ಉಚ್ಚೆಂಗಪ್ಪ

ತಾ.ಕ.: ಜಮಾಲ್ ಸಾಬ್ ಮಂಚದ ಪಕ್ಕ ಕೂತು ಇಷ್ಟನ್ನೂ ಓದಿಸಿಕೊಂಡ. "ಚಂದ ಐತೆ. ಇನ್ನು ನಿಜ ಬರಿ. ಬರೀದಿದ್ರೆ ಈ ಕಾಗದ ನಾನು ಒಯ್ಯಲ್ಲ" ಅಂದ.

ಮೇಲೆ ಹದಡಿ ಅಂತ ಬರೆದದ್ದು ಸುಳ್ಳು. ದಾವಣಗೆರೆಯ ಆಸ್ಪತ್ರೆಯಲ್ಲಿದ್ದೀನಿ. ಮಾಯಕೊಂಡದ ಪಂಚಾಯ್ತಿಯೂ ಸುಳ್ಳು, ನಿನಗೆ ಹೇಳಬಾರದು ಅಂತ ನಿಮ್ಮತ್ತೆಗೂ ನಾನೇ ಆಣೆ ಹಾಕಿಸಿದ್ದೆ. ಡಾಕ್ಟರುಗಳು ನಿಲ್ಲೋದು ಮಾತ್ರ ನಿಜ, ದಿನಾ ಬೆಳಗ್ಗೆ ನನ್ನ ಮಂಚದ ಸುತ್ತ ನಿಲ್ತಾರೆ.

ಯುಗಾದಿ ಹೊತ್ತಿಗೆ ಬಸ್ಸಿನಲ್ಲಿ ಒಬ್ಬ ಕೇಳಿದ: "ನಿಮ್ಮಕ್ಕನ ಮಗಳು ಅಷ್ಟು ದೊಡ್ಡೋಳಾದ್ರೆ ನೀ ಯಾಕ ಇನ್ನೂ ಗುಳಿಗೆ ನುಂಗ್ತೀಯ?" ಇಡೀ ಬಸ್ಸು ನಕ್ಕಿತು. ಮಾರನೇ ದಿನದಿಂದ ಬಿಟ್ಟೆ. ದಿನಾ ಒಂದೊಂದು ಬಿಡಿಸಿ ಗಟಾರಕ್ಕೆ ಹಾಕಿ, ಖಾಲಿ ಶೀಟು ತಂದು ನಿನ್ನ ಮೇಜಿನ ಮೇಲೆ ಇಟ್ಟೆ. ರಕ್ತ ಕೊಡೋ ಮುಂಚೆ ಎರಡು ದಿನ ಉಪವಾಸ ಇದ್ದೆ. ಮೂರು ತಿಂಗಳ ಸಕ್ಕರೆ ಹೇಳೋ ಪರೀಕ್ಷೆ ಮಾಡಿಸು ಅಂದಾಗೆಲ್ಲ ಹಲ್ಲುನೋವು ಅಂದೆ. ಚಪ್ಪಲಿಯಲ್ಲಿ ಒಂದು ಹರಳು ಎಷ್ಟು ದಿನ ಇತ್ತೋ, ಸಕ್ಕರೆ ಏರಿ ಕಾಲು ಜೋಮು ಹಿಡಿದಿತ್ತು, ನನಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ. ಹುಣ್ಣು ಕಂಡಮೇಲೂ ನಿನಗೆ ತೋರಿಸಲಿಲ್ಲ. ಶಾಂತಲಾಳ ಮಾವನ ಕಾಲೇ ಕೊಳೀತಂತೆ ಅಂತ ಜನ ಆಡಿಕೊಂಡರೆ ಆ ಗಿರಣಿಗೆ ಯಾರು ಬರ್ತಾರೆ? ನಿನ್ನ ಹೆಸರಿಗೆ ಮಸಿ ಹತ್ತಬಾರದು ಅಂತ ಕಾಲುಚೀಲ ಹಾಕ್ಕೊಂಡೆ, ಅದರೊಳಗೆ ಬೆರಳು ಕಪ್ಪಾಯ್ತು. ಶುಕ್ರವಾರ ಕೊಯ್ದರು.

ಜಮಾಲ್ ಸಾಬ್ ಅಂತಾನೆ, "ನಾನು ಹೊಗೆಯೊಳಗೆ ನಿಂತು ಉಸಿರು ಎಳೆದೆ. ಆದ್ರೆ ನಾನು ಆಕೆಗೆ ಸುಳ್ಳು ಹೇಳಲಿಲ್ಲ."

ಮುಂದಿನ ಸಾಲಿನ ಕುರ್ಚಿ ತೆಗೀಬ್ಯಾಡ. ಅದರ ಎದುರಿಗೆ ಒಂದು ಸ್ಟೂಲೂ ಹಾಕ್ಸು. ನಡೆಯೋಕೆ ಬಿಟ್ಟ ದಿನ ಬಂದು ಕಾಲು ಮೇಲಿಟ್ಟು ಎಲ್ಲರಿಗೂ ತೋರಿಸ್ತೀನಿ, ಇದು ನಿನ್ನ ಮಾತು ಕೇಳದವನ ಕಾಲು ಅಂತ. ಅಲ್ಲಿಯವರೆಗೆ ಒಂದು ಸಲ ಬಂದು ಹೋಗು. ಬೈಯೋಕಾದ್ರೂ ಬಾ.

ಹೋದದ್ದು ಉಗುರಲ್ಲ, ಒಂದು ಬೆರಳು ಅಂತ ಬರೆದು ಮುಗಿಸೋಣ ಅಂತಿದ್ದೆ. ಜಮಾಲ್ ಸಾಬ್ ಹೊದಿಕೆ ಎತ್ತಿ ಬ್ಯಾಂಡೇಜಿನಾಚೆ ಕಾಣೋದನ್ನು ಎಣಿಸಿದ. ಉಳಿದದ್ದು ಎರಡು. ಹೋದದ್ದು ಮೂರು.