ಚೌಕ, ವೃತ್ತ, ನಡುವಿನ ಗೆರೆ

ಗುರುವಾರ, ಮಧ್ಯಾಹ್ನ
ಅಂಗಡಿಯಿಂದ

ಲಿಫ್ಟ್ ಮೇಸ್ತ್ರಿಗಳಿಗೆ ಪರದೆ ಅಂಗಡಿಯವಳ ನಮಸ್ಕಾರ.

ನನ್ನ ಅಕ್ಷರ ನೋಡಿ ಗಾಬರಿಯಾಗಬೇಡಿ. ಯಾರೂ ತೀರಿಹೋಗಿಲ್ಲ, ಯಾರ ಮದುವೆಯೂ ನಿಶ್ಚಯವಾಗಿಲ್ಲ. ಫೋನ್ ಮಾಡಬಹುದಿತ್ತು. ಆದರೆ ನನ್ನ ಇಪ್ಪತ್ತು ಮಾತಿಗೆ ನಿಮ್ಮದೊಂದು ಹೂಂ. ಆ ವ್ಯಾಪಾರ ನನಗೆ ಗಿಟ್ಟುವುದಿಲ್ಲ. ಅದಕ್ಕೇ ಕಾಗದ. ಬರೆಯುತ್ತಿರುವುದೂ ನಮ್ಮ ಮಗಳ ಕೆಲಸಕ್ಕಾಗಿ, ಬೇರೇನೂ ಅಂದುಕೊಳ್ಳಬೇಡಿ.

ಸಂಖ್ಯಾಶಾಸ್ತ್ರ ಓದಿದ್ದು ಸಾಲದೆಂದು ಅವಳು ದೊಡ್ಡ ತರಬೇತಿಗೆ ಸೇರಿರುವುದು ನಿಮಗೆ ಗೊತ್ತು. ಮನೆತನದಲ್ಲಿ ಹರಿದು ಬರುವ ಕಾಯಿಲೆಗಳ ಹಿಂದಿನ ಜೀನುಗಳು ಎಲ್ಲೆಲ್ಲಿ ಕೂತಿವೆ ಎಂದು ಲೆಕ್ಕ ಹಾಕಿ ಹುಡುಕುವ ವಿದ್ಯೆಯಂತೆ. ಹೋದ ವಾರ ನೋಡಿ ಬಂದೆ. ನೆಲಮಾಳಿಗೆಯ ಕೋಣೆ, ಎಸಿ ಚಳಿ, ಸ್ವೆಟರ್ ಹಾಕಿಕೊಂಡು ಕಂಪ್ಯೂಟರ್ ಮುಂದೆ ಕೂತ ಮಕ್ಕಳು. ಒಂದು ಕಿಟಕಿಯೂ ಇಲ್ಲ; ಪರದೆ ಮಾರುವವಳಿಗೆ ಅಲ್ಲಿ ಬೋಣಿಯೂ ಆಗುವುದಿಲ್ಲ ಬಿಡಿ.

ಕಂಪ್ಯೂಟರಿನಲ್ಲಿ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು, ಒಂದೊಂದು ಚುಕ್ಕೆಯೂ ಜೀನು ಕೂತಿರಬಹುದಾದ ಒಂದು ಜಾಗವಂತೆ, ಮೇಲೊಂದು ಅಡ್ಡಗೆರೆ. ಗೆರೆ ದಾಟಿದ ಚುಕ್ಕೆಯನ್ನು ಮಾತ್ರ ನಂಬುತ್ತಾರಂತೆ. ಕೀಲುವಾತದಂಥ ಕಾಯಿಲೆಗೆ ಒಬ್ಬನೇ ಕಳ್ಳನಿಲ್ಲ, ನೂರಾರು ಜೀನುಗಳು ಚೂರುಚೂರು ಕೈಯಾಡಿಸಿರುತ್ತವೆ, ಸಿಗರೇಟಿನ ಕಾಣಿಕೆ ಬೇರೆ ಎಂದಳು. ಹಾಗಾದ್ರೆ ಬೈಯೋದು ಯಾರನ್ನೇ ಎಂದೆ. ಅಮ್ಮಾ, ಇದು ಪೊಲೀಸ್ ಠಾಣೆಯಲ್ಲ ಎಂದಳು. ಹಿಂದೆ ನಿಂತಿದ್ದ ಮೇಷ್ಟ್ರು ನಕ್ಕುಬಿಟ್ಟರು. ಗೆರೆ ಕೆಳಗಿನವೂ ಸುಮ್ಮನಿರಲ್ಲಮ್ಮ, ಪಿಸುಗುಡ್ತಾ ಇರ್ತವೆ, ಸಾವಿರಾರು ಮನೆಯವರನ್ನ ಒಟ್ಟಿಗೆ ಲೆಕ್ಕಕ್ಕೆ ತಗೊಂಡ್ರೆ ಕೇಳಿಸ್ತವೆ ಎಂದರು.

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಯೋಚನೆ. ನೀವು ಹೋದದ್ದಕ್ಕೆ ನಾನು ಇಷ್ಟು ವರ್ಷ ಒಂದೇ ಕಾರಣ ಹುಡುಕುತ್ತಿದ್ದೆ. ನಾವು ಜಗಳವನ್ನೇ ಆಡಿರಲಿಲ್ಲವಲ್ಲ. ನಡುಮನೆ ತುಂಬ ಬಟ್ಟೆಯ ಥಾನು ಬಂತು. ನೀವು ತಟ್ಟೆಯನ್ನು ಮಂಚದ ಮೇಲಿಟ್ಟುಕೊಂಡು ಉಂಡಿರಿ. ಗಿರಾಕಿಗಳು ನಿಮ್ಮನ್ನು ಅಂಗಡಿಯಮ್ಮನ ಮನೆಯವರು ಎಂದರು. ನೀವೀಗಿರುವ ಊರಿನ ಲಿಫ್ಟ್ ಕಂಪನಿ ಸ್ವಲ್ಪ ದಿನದ ಮಟ್ಟಿಗೆ ಎಂದು ಕರೆಯಿತು. ಹೋಗಿ ಬನ್ನಿ ಎಂದೆ. ಯಾವುದೂ ಗೆರೆ ದಾಟುವಂಥದ್ದಲ್ಲ.

ಈಗ ಕೆಲಸದ ಮಾತು. ಪಾಠಕ್ಕೆಂದು ಪ್ರತಿಯೊಬ್ಬರೂ ತಮ್ಮ ಮನೆತನದ ನಕ್ಷೆ ಬರೆಯಬೇಕು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. ಕಾಯಿಲೆ ಇದ್ದರೆ ಒಳಗೆ ಕಪ್ಪು ತುಂಬಬೇಕು. ಮಗಳು ಕೀಲುವಾತವನ್ನೇ ಆರಿಸಿಕೊಂಡಿದ್ದಾಳೆ. ನಿಮ್ಮ ಅಮ್ಮನ ವೃತ್ತ ಕಪ್ಪು, ನಿಮ್ಮ ತಂಗಿಯದೂ ಕಪ್ಪು. ನಿಮ್ಮ ಚೌಕ ಮಾತ್ರ ಖಾಲಿ, ಏಕೆಂದರೆ ನನಗೇನಾಗಿದೆ, ಗುಂಡುಕಲ್ಲಿನ ಥರ ಇದೀನಿ ಎಂದು ನೀವು ಅವಳಿಗೆ ಹೇಳಿದ್ದೀರಿ. ನಿಮ್ಮ ತಂಗಿ ನನಗೆ ಹೇಳಿದ್ದೇ ಬೇರೆ. ಬೆಳಿಗ್ಗೆ ಅಣ್ಣನ ಬೆರಳು ಮಡಚೋದೇ ಇಲ್ಲ ಅತ್ತಿಗೆ, ಸ್ಪ್ಯಾನರ್ ಹಿಡಿಯೋಕೆ ಬಿಸಿಲೇರಬೇಕು, ನಾನು ಹೇಳ್ದೆ ಅಂತ ಮಾತ್ರ ಹೇಳಬೇಡಿ ಎಂದಳು. ಅವಳು ಹೇಳಿದಳೆಂದು ನಾನೂ ಹೇಳುತ್ತಿಲ್ಲ.

ಅಂದಿನಿಂದ ಕತ್ತರಿ ಹಿಡಿದಾಗಲೆಲ್ಲ ನನಗೆ ನಿಮ್ಮ ಷರಟಿನದೇ ಚಿಂತೆ. ಕುತ್ತಿಗೆಯ ಗುಂಡಿ ಹಾಕದೆ ಹೊಸ್ತಿಲು ದಾಟಿದ ಮನುಷ್ಯನಲ್ಲ ನೀವು. ಈಗ ಅದನ್ನು ಯಾರು ಹಾಕುತ್ತಾರೆ? ಪಕ್ಕದ ಕೋಣೆಯವರನ್ನು ಕೇಳುವ ಪೈಕಿಯೂ ಅಲ್ಲ.

ಇನ್ನೊಂದು ವಿಷಯ. ಗಂಡಹೆಂಡಿರ ಚೌಕಕ್ಕೂ ವೃತ್ತಕ್ಕೂ ನಡುವೆ ಒಂದು ಗೆರೆ ಎಳೆಯುತ್ತಾರೆ. ಅವರು ಬೇರೆಯಾಗಿದ್ದರೆ ಆ ಗೆರೆಯ ಮೇಲೆ ಎರಡು ಓರೆ ಗೀಟು ಹಾಕಬೇಕು, ನಿಯಮವಂತೆ. ಅವತ್ತು ನನ್ನೆದುರೇ ನಕ್ಷೆ ಬರೆಯುತ್ತ ನಮ್ಮ ಗೆರೆಯ ಹತ್ತಿರ ಬಂದವಳು ಪೆನ್ಸಿಲ್ ಎತ್ತಿ ನನ್ನ ಮುಖ ನೋಡಿದಳು. ಹಾಕ್ಲೇನಮ್ಮಾ ಎಂದಳು. ಎಂಥೆಂಥ ಗಿರಾಕಿಗಳಿಗೆ ಕೇಳುವ ಮೊದಲೇ ಉತ್ತರ ಕೊಟ್ಟ ನಾಲಿಗೆ ಇದು; ಆದರೂ ಅಪ್ಪನ್ನ ಕೇಳಿ ಹೇಳ್ತೀನಿ ಎಂದೆ. ಅವಳು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಬೇರೆ ಕಡೆ ನೋಡಿದಳು, ಥೇಟ್ ನಿಮ್ಮ ಹಾಗೆ.

ಆದ್ದರಿಂದ ಕೇಳುತ್ತಿದ್ದೇನೆ. ಚೌಕಕ್ಕೆ ಕಪ್ಪು ತುಂಬಿಸಲೇ? ಗೆರೆಗೆ ಗೀಟು ಹಾಕಿಸಲೇ?

ಉತ್ತರ ಬರೆಯುವ ಮುಂಚೆ ಇಷ್ಟು ತಿಳಿದಿರಲಿ: ಥಾನುಗಳನ್ನೆಲ್ಲ ಪಕ್ಕದ ಮಳಿಗೆಗೆ ಸಾಗಿಸಿದ್ದೇನೆ. ನಡುಮನೆಯಲ್ಲಿ ಊಟದ ಮೇಜು ಹಾಕಿಸಿದ್ದೇನೆ. ಇಬ್ಬರೇ ಕೂರುವಷ್ಟು ಚಿಕ್ಕದು. ಒಂದು ಕುರ್ಚಿಯ ಮೇಲೆ ಬಟ್ಟೆ ಒಟ್ಟಬಾರದೆಂದು ಕೆಲಸದವರಿಗೆ ತಾಕೀತು ಮಾಡಿದ್ದೇನೆ. ಯಾಕಮ್ಮಾ ಎಂದು ಕೇಳಿದರು, ಅದರ ಕಾಲು ಸರಿಯಿಲ್ಲ ಎಂದೆ. ಕಾಲು ಸರಿಯಾಗಿಯೇ ಇದೆ.

ಕಾಯುವುದು ಅಭ್ಯಾಸವಾದರೂ ರುಚಿಸದ,
ಪರದೆ ಅಂಗಡಿಯವಳು

ತಾ.ಕ.: ಆ ನಕ್ಷೆಯನ್ನು ಮಗಳು ಸೋಮವಾರವೇ ಮೇಷ್ಟ್ರಿಗೆ ಒಪ್ಪಿಸಿಯಾಗಿದೆ. ನಾನೇ ಅವಳಿಗೆ ಫೋನ್ ಮಾಡಿ, ಅಪ್ಪನ ಚೌಕ ಕಪ್ಪು ಮಾಡು, ಗೆರೆಯನ್ನ ಮುಟ್ಟಬೇಡ ಎಂದಿದ್ದೆ. ಅಪ್ಪ ಹಾಗಂದ್ರಾ ಎಂದು ಕೇಳಿದಳು. ಹೌದು ಎಂದೆ. ಆ ಕಡೆಯಿಂದ ಮೂಗು ಸೀಟಿದ ಸದ್ದು. ಭಾನುವಾರ ಮನೆಗೆ ಬರುತ್ತಾಳೆ. ಮಗಳ ಮುಂದೆ ನನ್ನನ್ನು ಸುಳ್ಳುಗಾತಿ ಮಾಡಬೇಡಿ, ನೀವೂ ಬನ್ನಿ.