ಬೋಂಡನ ಬಲ

ಅಶೋಕಪುರಂ, ಮೈಸೂರು
೧೧ ಜನವರಿ ೨೦೨೬, ಭಾನುವಾರ ಮಧ್ಯಾಹ್ನ

ಪ್ರೀತಿಯ ಧರಣೀ,

ಅಮ್ಮನ ಜೈಭೀಮ್, ಜೊತೆಗೆ ಎರಡು ಕೆನ್ನೆಗೂ ಒಂದೊಂದು ಮುತ್ತು. ಹೇಗಿದ್ದೀಯಾ ಮಗಳೇ? ಕಾಲಿನ ಬೊಬ್ಬೆ ಒಣಗಿತಾ? ಬೂಟಿನೊಳಗೆ ಎರಡೆರಡು ಜೊತೆ ಸಾಕ್ಸ್ ಹಾಕಿಕೊಳ್ಳಬೇಕು ಎಂದು ನಿಮ್ಮಪ್ಪ ಹೇಳಿದ್ದಾರೆ, ಮರೆಯಬೇಡ. ಅಲ್ಲಿ ಚಳಿ ಇಲ್ಲಿಗಿಂತ ಜಾಸ್ತಿಯಂತೆ. ಸ್ನಾನಕ್ಕೆ ಬಿಸಿನೀರು ಕೊಡುತ್ತಾರೋ ಇಲ್ಲವೋ ನೀನು ಬರೆದೇ ಇಲ್ಲ. ಚಪಾತಿ ತಿಂದು ತಿಂದು ಮುದ್ದೆಯ ರುಚಿಯೇ ಮರೆತುಹೋಗಿರಬೇಕು. ಇಲ್ಲಿ ಅವರೆಕಾಯಿ ಕಾಲ. ನಿನ್ನೆ ಹಿತಕಿದಬೇಳೆ ಸಾರು ಮಾಡಿದ್ದೆ. ನಿಮ್ಮಪ್ಪ ಎರಡನೇ ಮುದ್ದೆ ಮುರಿಯುತ್ತಾ, "ಅವ್ಳಿದ್ದಿದ್ರೆ ಬೇಳೆಯೆಲ್ಲಾ ಆಯ್ಕೊಂಡು ತಿಂದ್ಬುಡೋಳು" ಎಂದರು. ಅವರ ಆರೋಗ್ಯ ಚೆನ್ನಾಗಿದೆ. ರೈಲ್ವೆ ವರ್ಕ್‌ಶಾಪಿನಿಂದ ಬಂದು ಕೈಕಾಲು ತೊಳೆದು ನಿನ್ನ ಫೋಟೋದ ಕೆಳಗಿನ ಕುರ್ಚಿಯಲ್ಲೇ ಕೂರುತ್ತಾರೆ. ನಾನೂ ಚೆನ್ನಾಗಿದ್ದೇನೆ. ಅಂಗನವಾಡಿಗೆ ಈ ತಿಂಗಳು ಮೂರು ಹೊಸ ಮಕ್ಕಳು ಬಂದಿವೆ. ಮೂರೂ ಅಳುಬುರುಕರು.

ಅರೆಸೇನಾ ಪಡೆಯ ತರಬೇತಿಯಲ್ಲಿ ಫೋನ್ ಇಟ್ಟುಕೊಳ್ಳುವ ಹಾಗಿಲ್ಲ ಎಂದು ಗೊತ್ತಾದ ದಿನ ನೀನು ನಿನ್ನ ಫೋನನ್ನು ನನ್ನ ಕೈಗಿಟ್ಟು, "ಬೇರೇನೂ ಬೇಡಮ್ಮ, ದಿನಾ ಆ ಪ್ರಾಣಿ ಹಿಡಿಯೋ ಆಟ ತೆಗ್ದು ಒಂದಷ್ಟು ದೂರ ನಡಿ ಸಾಕು" ಎಂದಿದ್ದೆಯಲ್ಲ, ಅದನ್ನು ಒಂದು ದಿನವೂ ತಪ್ಪಿಸಿಲ್ಲ. ಮೊದಮೊದಲು ನಾಚಿಕೆಯಾಗುತ್ತಿತ್ತು. ಐವತ್ತೆರಡರ ಹೆಂಗಸು ಫೋನನ್ನು ಕನ್ನಡಿಯ ಹಾಗೆ ಎತ್ತಿ ಹಿಡಿದುಕೊಂಡು ರಸ್ತೆಯಲ್ಲಿ ಹೋದರೆ ಯಾರಾದರೂ ಏನೆಂದುಕೊಂಡಾರು? ಈಗ ಅಭ್ಯಾಸವಾಗಿದೆ. ಬೆಳಿಗ್ಗೆ ಆರೂವರೆಗೆ ಮನೆ ಬಿಡುತ್ತೇನೆ. ಮಂಜು ಇನ್ನೂ ನೆಲಕ್ಕೆ ಅಂಟಿಕೊಂಡಿರುತ್ತದೆ. ಹಾಲಿನವನ ಸ್ಕೂಟರು ಕಾಣುವುದಿಲ್ಲ, ಸದ್ದು ಮಾತ್ರ ಬರುತ್ತದೆ. ಫೋನು ಎತ್ತಿದರೆ ಆ ಮಂಜಿನೊಳಗೆ ಒಂದೊಂದೇ ಪ್ರಾಣಿ ಮೂಡುತ್ತದೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ನೀಲಿ ರೆಕ್ಕೆಯದು, ನಲ್ಲಿಯ ಪಕ್ಕ ಬಾಲದ ತುದಿಯಲ್ಲಿ ದೀಪ ಹೊತ್ತ ಅಳಿಲಿನಂಥದು. ಫೋನು ಇಳಿಸಿದರೆ ಯಾವುದೂ ಇಲ್ಲ, ಬರೀ ಬೆಂಚು, ಬರೀ ನಲ್ಲಿ. ಎಷ್ಟೋ ಸಲ ಫೋನನ್ನು ಚೀಲಕ್ಕೆ ಹಾಕಿದ ಮೇಲೂ ನಾನು ಬೆಂಚಿಗೆ ಸ್ವಲ್ಪ ದೂರವಿಟ್ಟೇ ಹೋಗುತ್ತೇನೆ, ಅಲ್ಲಿ ಕೂತಿರುವುದನ್ನು ಎಬ್ಬಿಸಬಾರದು ಅಂತ. ನಿಮ್ಮಪ್ಪನಿಗೆ ಹೇಳಿದರೆ ನಗುತ್ತಾರೆ. "ಮನೇಲಿ ಒಂದ್ ಬೆಕ್ ಸಾಕು ಅಂದ್ರೆ ಬ್ಯಾಡ ಅಂತಿದ್ದೋಳು, ಈಗ ಫೋನಲ್ಲಿ ಆಮೆ ಸಾಕ್ತಾ ಕೂತವ್ಳೆ" ಎನ್ನುತ್ತಾರೆ.

ಆಮೆ ಎಂದರೆ ನಿನ್ನ ಬೋಂಡನೇ. ಕಾಲೇಜಿಗೆ ಸೇರಿದ ವರ್ಷ ನೀನು ಮೊದಲು ಹಿಡಿದದ್ದು ಅದನ್ನೇ ಅಲ್ಲವೇ? ಆಟದಲ್ಲಿ ಅದಕ್ಕೆ ಏನೋ ಇಂಗ್ಲಿಷ್ ಹೆಸರು, ನೀನು ದುಂಡಗಿನ ಬೆನ್ನು ನೋಡಿ ಬೋಂಡ ಎಂದು ಇಟ್ಟದ್ದು. ಒಂದೊಂದು ಪ್ರಾಣಿಯ ತಲೆಯ ಮೇಲೂ ಅದರ ಬಲ ಎಂದು ಒಂದು ಸಂಖ್ಯೆ ಇರುತ್ತದಲ್ಲ, ಉಳಿದವಕ್ಕೆಲ್ಲ ಸಾವಿರ, ಸಾವಿರದಿನ್ನೂರು ಇದ್ದರೆ ಬೋಂಡನ ಮೇಲೆ ಬರೀ ನಾನೂರ ಮೂವತ್ತೊಂದು. ಆ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ನನಗೆ ಕುತೂಹಲ. ನಿನಗೆ ಗೊತ್ತಲ್ಲ, ನಾನು ಪ್ರತಿ ತಿಂಗಳೂ ಮಕ್ಕಳನ್ನು ತಕ್ಕಡಿಗೆ ಹಾಕುವವಳು. ಕಾರ್ಡಿನ ಗೆರೆಯ ಮೇಲೆ ಚುಕ್ಕಿ ಇಟ್ಟು, ಹಸಿರು, ಹಳದಿ, ಕೆಂಪು ಎಂದು ವಿಂಗಡಿಸುವವಳು. ಸಂಖ್ಯೆ ಕಂಡರೆ ಅದರ ಹಿಂದೆ ಏನಿದೆ ಎಂದು ಕೇಳುವುದು ನನ್ನ ಚಾಳಿ.

ಅದನ್ನು ಬಿಡಿಸಿ ಹೇಳಿದವರು ಅನಂತಪದ್ಮನಾಭ ಮೇಷ್ಟ್ರು. ಅವರ ಪರಿಚಯವಾದದ್ದು ಗಗನಳಿಂದ. ಶ್ರೀರಾಂಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಹುಡುಗಿ, ನಿನ್ನದೇ ವಯಸ್ಸು. ಅವಳ ಅಂಗಡಿಯ ಮುಂದಿನ ನುಗ್ಗೆ ಮರಕ್ಕೆ ನಾನು ಫೋನು ಹಿಡಿದು ನಿಂತಿದ್ದಾಗ, "ಆಂಟಿ, ನೀವೂ ಆಡ್ತೀರಾ?" ಎಂದು ಓಡಿಬಂದಳು. ಈ ಆಟ ಆಡುವವರು ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಸೇರುತ್ತಾರಂತೆ, ಅಲ್ಲಿಗೆ ಕರೆದುಕೊಂಡು ಹೋದಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ಸಕ್ಕರೆ ಕಾಯಿಲೆಗೆ ನಡೆಯಬೇಕು ಎಂದು ಡಾಕ್ಟರು ಹೇಳಿದ ಮೇಲೆ ಈ ಆಟ ಹಿಡಿದವರು. ಅವರು ಕಡ್ಡಿ ತೆಗೆದುಕೊಂಡು ಏರಿಯ ಮಣ್ಣಿನ ಮೇಲೆಯೇ ಲೆಕ್ಕ ಬರೆದರು. "ಮೂರು ಸೇರಿ ಬಲ ಆಗುತ್ತೆ ಟೀಚರಮ್ಮ. ಮೊದಲ್ನೇದು ಜಾತಿ" ಎಂದರು. ನಾನು ಅವರ ಮುಖ ನೋಡಿದೆ. ಪಾಪ, ನಾಲಿಗೆ ಕಚ್ಚಿಕೊಂಡು, "ತಳಿ, ತಳಿ ಅನ್ನೋಣ" ಎಂದರು. ಆಮೇಲೆ ಇಬ್ಬರೂ ನಕ್ಕೆವು.

ತಳಿಗೆ ತಕ್ಕಂತೆ ದಾಳಿ, ರಕ್ಷಣೆ, ತ್ರಾಣ ಎಂದು ಮೂರು ಅಂಕಿಗಳಿರುತ್ತವೆ. ಏಟು ಕೊಡುವುದು ದಾಳಿ, ಏಟಿನ ಪೆಟ್ಟು ತಗ್ಗಿಸುವುದು ರಕ್ಷಣೆ, ಏಟು ತಿಂದೂ ಎಷ್ಟು ಹೊತ್ತು ನಿಲ್ಲಬಲ್ಲದು ಎನ್ನುವುದು ತ್ರಾಣ. ಎರಡನೆಯದು ಹುಟ್ಟಿನಿಂದ ಬಂದದ್ದು. ಒಂದೇ ತಳಿಯ ಎರಡು ಪ್ರಾಣಿಗಳೂ ಒಂದೇ ಅಲ್ಲ. ಆ ಮೂರು ಅಂಕಿಗೂ ಸೊನ್ನೆಯಿಂದ ಹದಿನೈದರವರೆಗೆ ಏನಾದರೂ ಒಂದಿಷ್ಟು ಸೇರಿಕೊಂಡೇ ಬರುತ್ತದೆ, ಯಾವ ಆರೈಕೆಯಿಂದಲೂ ಅದು ಬದಲಾಗುವುದಿಲ್ಲ. ಮೂರನೆಯದು ನಾವು ಉಣಿಸಿ ಬೆಳೆಸಿದ ಮಟ್ಟ. ಇನ್ನು ಲೆಕ್ಕದ ಸ್ವಾರಸ್ಯ ಕೇಳು. ದಾಳಿಯನ್ನು ಇಡಿಯಾಗಿ ತೆಗೆದುಕೊಳ್ಳುತ್ತಾರೆ, ರಕ್ಷಣೆಗೂ ತ್ರಾಣಕ್ಕೂ ಮಾತ್ರ ವರ್ಗಮೂಲ ತೆಗೆದು ಗುಣಿಸುತ್ತಾರೆ. ಮೇಷ್ಟ್ರು ಉದಾಹರಣೆ ಕೊಟ್ಟರು: ಒಂದಕ್ಕೆ ದಾಳಿ ನೂರ ನಲವತ್ತನಾಲ್ಕು, ಉಳಿದೆರಡೂ ನೂರು ನೂರು. ನೂರರ ವರ್ಗಮೂಲ ಹತ್ತು, ಹಾಗಾಗಿ ನೂರ ನಲವತ್ತನಾಲ್ಕು ಇಂಟು ಹತ್ತು ಇಂಟು ಹತ್ತು. ಇನ್ನೊಂದಕ್ಕೆ ದಾಳಿ ನೂರು, ಉಳಿದೆರಡೂ ನೂರ ನಲವತ್ತನಾಲ್ಕು. ಅದರ ವರ್ಗಮೂಲ ಹನ್ನೆರಡು, ಹಾಗಾಗಿ ನೂರು ಇಂಟು ಹನ್ನೆರಡು ಇಂಟು ಹನ್ನೆರಡು. ಎರಡೂ ಹದಿನಾಲ್ಕು ಸಾವಿರದ ನಾನೂರು! ತಲೆಯ ಮೇಲಿನ ಸಂಖ್ಯೆ ಒಂದೇ, ಆದರೆ ಎರಡನೆಯದಕ್ಕೆ ಒಂದಲ್ಲ, ಎರಡು ಗುಣ ಹೆಚ್ಚಿವೆ. "ಹೊಡೆಯೋದನ್ನ ಪೂರ್ತಿ ಎಣಿಸ್ತಾರೆ ಟೀಚರಮ್ಮ, ತಡ್ಕೊಳ್ಳೋದನ್ನ ಮೂಲ ತೆಗ್ದು ಸಣ್ಣ ಮಾಡಿ ಎಣಿಸ್ತಾರೆ" ಎಂದರು ಮೇಷ್ಟ್ರು. ನನಗೆ ಆ ದಿನವೆಲ್ಲ ಅದೇ ಮಾತು.

ನಿನ್ನ ಬೋಂಡನ ಹುಟ್ಟಿನ ಅಂಕಿ ತೆಗೆದು ನೋಡಿದರೆ ದಾಳಿ ಸೊನ್ನೆ, ರಕ್ಷಣೆ ಹದಿನೈದು, ತ್ರಾಣ ಹದಿನಾಲ್ಕು. ಗಗನ ಮೊದಲು ಅದರ ಬಲ ನೋಡಿ, "ಆಂಟಿ, ಇದನ್ನ ಬುಟ್ಬುಡಿ, ಸುಮ್ನೆ ಜಾಗ ತಿಂತದೆ" ಎಂದಿದ್ದಳು. ಬಿಟ್ಟರೆ ಮತ್ತೆ ಸಿಗುವುದಿಲ್ಲವಂತೆ. ನನ್ನ ಬೆರಳು ಆ ಗುಂಡಿಯ ಮೇಲೆ ಇಳಿಯಲೇ ಇಲ್ಲ. ಮೇಷ್ಟ್ರು, "ಸಂಕ್ರಾಂತಿ ಮುಂಚಿನ ಭಾನುವಾರ ಪಂದ್ಯ ಇದೆ. ಸಾವಿರದೈನೂರಕ್ಕಿಂತ ಹೆಚ್ಚು ಬಲದ್ದು ಇಳಿಸೋ ಹಂಗಿಲ್ಲ. ಇದನ್ನ ಬೆಳೆಸಿ" ಎಂದರು. ದಾಳಿ ಕಡಿಮೆ ಇರುವುದರಿಂದ ಅದರ ಸಂಖ್ಯೆ ನಿಧಾನವಾಗಿ ಏರುತ್ತದೆ, ಆ ಮಿತಿ ಮುಟ್ಟುವಷ್ಟರಲ್ಲಿ ಬೇರೆಯವಕ್ಕಿಂತ ಹೆಚ್ಚು ಸಲ ಉಣಿಸಬಹುದು. ಜೊತೆಯಲ್ಲಿಟ್ಟುಕೊಂಡು ಮೂರು ಕಿಲೋಮೀಟರ್ ನಡೆದರೆ ಒಂದು ತುತ್ತು. ಎರಡು ತಿಂಗಳು ನಡೆದೆ ಮಗಳೇ. ಶ್ರೀರಾಂಪುರದ ಹೊಸ ಬಡಾವಣೆಗಳಲ್ಲಿ ನಾನು ಕಾಲಿಡದ ಅಡ್ಡರಸ್ತೆ ಉಳಿದಿಲ್ಲ. ಮೊನ್ನೆ ಬೋಂಡ ಸಾವಿರದ ನಾನೂರ ತೊಂಬತ್ತೆಂಟಕ್ಕೆ ಬಂದ.

ಗುರುವಾರ ನಿನ್ನ ಕಾಗದ ಬಂತು. ಐದು ಕಿಲೋಮೀಟರ್ ಓಟದಲ್ಲಿ ನೀನೇ ಕೊನೆ ಎಂದು, ಕವಾಯತು ಕಲಿಸುವ ಉಸ್ತಾದರು ನಿನ್ನ ಹೆಸರಿನ ಮುಂದೆ 'ಡಿ' ದರ್ಜೆ ಎಂದು ಬರೆದು ಗೋಡೆಗೆ ಅಂಟಿಸಿದರೆಂದು, ಬಂದುಬಿಡುತ್ತೇನೆ ಎಂದು. ಅದೆಲ್ಲ ಓದಿ ತಡೆದುಕೊಂಡೆ. ಆದರೆ ಆಮೇಲೆ ಬರೆದಿದ್ದೀಯಲ್ಲ, "ಚಿಕ್ಕಂದಿನಿಂದ ನೀನು ಹೇಳ್ತಿದ್ದದ್ದೇ ಸರಿ ಅಮ್ಮ, ನನ್ನ ಮೈಯಲ್ಲಿ ಯಾವ ಕೊರತೆಯೂ ಇಲ್ಲ, ಇರೋದು ಸೋಮಾರಿತನ" ಎಂದು, ಅಲ್ಲಿಂದ ಮುಂದೆ ಅಕ್ಷರ ಕಾಣಿಸಲಿಲ್ಲ. ಕಾಗದವನ್ನು ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದೇನೆ. ಅಂಗನವಾಡಿಗೂ ಅದು ಬರುತ್ತದೆ, ಕೆರೆ ಏರಿಗೂ ಬಂದಿತ್ತು.

ಪಂದ್ಯ ಇವತ್ತು ಬೆಳಿಗ್ಗೆ ಆಯಿತು. ಹದಿನಾರು ಜನ. ಮಂಜಿನಲ್ಲಿ ಕೆರೆಯ ಆಚೆ ದಡವೇ ಇರಲಿಲ್ಲ. ಹೆಜ್ಜಾರ್ಲೆ ಹಕ್ಕಿಗಳು ನೀರಿನ ಮೇಲೋ ಗಾಳಿಯ ಮೇಲೋ ತೇಲುತ್ತಿವೆ ಎಂದು ಹೇಳುವ ಹಾಗಿರಲಿಲ್ಲ. ಮೊದಲನೆಯ ಸುತ್ತಿನಲ್ಲಿ ನನಗೆ ಎದುರಾದವನು ರಾಹುಲ್ ಎಂಬ ಇಂಜಿನಿಯರಿಂಗ್ ಓದುವ ಹುಡುಗ. ಅವನದು ಬೆಂಕಿ ಬಣ್ಣದ ಹಕ್ಕಿ. ಕೊಕ್ಕಿನಿಂದ ಕುಕ್ಕಿದ್ದೇ ಕುಕ್ಕಿದ್ದು. ಬೋಂಡ ಕತ್ತು ಒಳಗೆ ಎಳೆದುಕೊಂಡು ನಿಂತ. ಅಷ್ಟೇ, ನಿಂತ. ನಡುನಡುವೆ ಒಂದು ಸಣ್ಣ ಗುದ್ದು. ಹಕ್ಕಿಯ ಉಸಿರು ಇಳಿಯುತ್ತಾ ಇಳಿಯುತ್ತಾ ಹೋಗಿ ಅದು ಮಂಜಿನಲ್ಲಿ ಕರಗಿಹೋಯಿತು. "ಇದೇನ್ರೀ ಆಂಟಿ, ಬಂಡೆ ಸಾಕಿದ್ದೀರಾ!" ಎಂದ ರಾಹುಲ್. ಎರಡನೆಯದನ್ನೂ ಹಾಗೇ ಗೆದ್ದೆ. ಮೂರನೆಯದರಲ್ಲಿ ಗಗನ ಸಿಕ್ಕಳು, ಅವಳ ಕೈಯಲ್ಲಿ ಸೋತೆ. ಸೋತದ್ದು ಎಂದರೆ, ಅವಳ ಪ್ರಾಣಿಯ ಉಸಿರಿನ ಗೆರೆ ನೂಲಿನಷ್ಟು ಉಳಿದಿತ್ತು. "ನಿಮ್ ಆಮೆ ನನ್ನ ಸುಸ್ತ್ ಮಾಡ್ಬುಡ್ತು ಕಣ್ರೀ" ಎಂದು ನನ್ನ ಭುಜ ಹಿಡಿದುಕೊಂಡು ಕೂತಳು. ಮೇಷ್ಟ್ರು ಎಲ್ಲರಿಗೂ ಟೀ ಕೊಡಿಸಿದರು. ಮಂಜು ಹರಿಯಿತು, ಆಚೆ ದಡದ ಮರಗಳು ಮೆಲ್ಲಗೆ ತಮ್ಮ ಜಾಗಕ್ಕೆ ಬಂದವು.

ಮನೆಗೆ ಬಂದು ಚಾಪೆಯ ಮೇಲೆ ಹೀಗೇ ಒರಗಿದವಳಿಗೆ ಜೋಂಪು ಹತ್ತಿತು. ಕನಸಿನಲ್ಲಿ ಬೋಂಡ ಬೆಟ್ಟದಷ್ಟು ದೊಡ್ಡವನಾಗಿದ್ದ. ನಮ್ಮ ಬೀದಿಯ ತುಂಬ ನಿಧಾನಕ್ಕೆ ನಡೆದು ಬರುತ್ತಿದ್ದ. ಅವನ ಬೆನ್ನ ಮೇಲೆ ಇಷ್ಟು ವರ್ಷ ನಾನು ತೂಗಿದ ಮಕ್ಕಳೆಲ್ಲ ಸಾಲಾಗಿ ಕೂತಿದ್ದವು, ಈಗ ಮದುವೆಯಾಗಿರುವವರೂ ಅಲ್ಲಿ ಮಕ್ಕಳೇ. ಒಂದೊಂದರ ತಲೆಯ ಮೇಲೂ ನನ್ನ ಅಕ್ಷರದಲ್ಲಿ ಒಂದು ಸಂಖ್ಯೆ. ನಾನು ನಿನ್ನ ಮುಖ ಹುಡುಕುತ್ತಿದ್ದೆ. ಸಿಗುವ ಹೊತ್ತಿಗೆ ನಿಮ್ಮಪ್ಪ ಕಾಫಿಗೆ ಎಬ್ಬಿಸಿದರು. ಎದ್ದವಳೇ ಈ ಕಾಗದಕ್ಕೆ ಕೂತೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರಾತ್ರಿ ಪಾದಕ್ಕೆ ಕೊಬ್ಬರಿ ಎಣ್ಣೆ ಹಚ್ಚು. ಜೊತೆಯ ಹುಡುಗಿಯರಿಗೆಲ್ಲ ನನ್ನ ನೆನಪು ಹೇಳು. ನಿನ್ನ ಉಸ್ತಾದರಿಗೂ ನಮಸ್ಕಾರ ತಿಳಿಸು, ಅವರ ಮೇಲೆ ನನಗೆ ಸ್ವಲ್ಪ ಕೋಪ ಇದೆ ಎನ್ನುವುದನ್ನು ಮಾತ್ರ ಹೇಳಬೇಡ. ನಿಮ್ಮಪ್ಪ ಪಕ್ಕದಲ್ಲೇ ನಿಂತು, "ಅಪ್ಪ ಚೆನ್ನಾಗವ್ನೆ ಅಂತ ಬರೀ" ಎನ್ನುತ್ತಿದ್ದಾರೆ, ಮೊದಲೇ ಬರೆದಿದ್ದೇನೆ ಎಂದರೂ ಕೇಳುತ್ತಿಲ್ಲ. ಬಾಬಾಸಾಹೇಬರ ಬೆಳಕು ನಿನ್ನ ದಾರಿಯ ಮೇಲಿರಲಿ, ಬುದ್ಧನ ಶಾಂತಿ ನಿನ್ನ ನಿದ್ದೆಯಲ್ಲಿರಲಿ.

ನಿನ್ನ ಅಮ್ಮ,
ಪುಟ್ಟಮಾದಮ್ಮ

ತಾ.ಕ.: ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನಿಮ್ಮಪ್ಪ ಅಂಗಡಿಗೆ ಹೋಗಿದ್ದಾರೆ, ಬರುವುದರೊಳಗೆ ಬರೆಯಬೇಕು. ನಿನಗೆ ಒಂದೂವರೆ ವರ್ಷವಾಗಿದ್ದಾಗ ನಮ್ಮ ಅಂಗನವಾಡಿಗೆ ಮೇಲ್ವಿಚಾರಕಿ ಬರುವವರಿದ್ದರು. ಹಿಂದಿನ ದಿನ ನಿನ್ನನ್ನು ತೂಗಿದೆ. ಏಳು ಕಿಲೋ. ಕೆಂಪು ಗೆರೆಗಿಂತ ಕೆಳಗೆ. ಊರಿನ ತಾಯಂದಿರಿಗೆಲ್ಲ ಬುದ್ಧಿ ಹೇಳುವ ಟೀಚರ ಮಗುವೇ ಹೀಗೆ ಎಂದರೆ ನನ್ನ ಮಾನ ಏನಾಗಬೇಕು ಎಂದುಕೊಂಡೆ. ಆಗ ನನ್ನ ಸಹಾಯಕಿಯಾಗಿದ್ದ ಸೋಮಮ್ಮ, "ಬ್ಯಾಡಿ ಟೀಚರೇ, ಮಗೀಗೆ ಸಿಗೋದೂ ತಪ್ಪೋಯ್ತದೆ" ಎಂದಳು. ನಾನು ಕಾರ್ಡಿನಲ್ಲಿ ಒಂಬತ್ತು ಎಂದು ಬರೆದೆ. ಅದರಿಂದ ನಿನಗೆ ಬರಬೇಕಿದ್ದ ಹೆಚ್ಚಿನ ಆಹಾರ ಬರಲಿಲ್ಲ, ಡಾಕ್ಟರ ಹತ್ತಿರ ಕಳಿಸುವ ಚೀಟಿಯೂ ಬರಲಿಲ್ಲ. ಆ ಮಳೆಗಾಲದಲ್ಲಿ ಎರಡು ಸಲ ನಿನಗೆ ನ್ಯುಮೋನಿಯಾ ಆಯಿತು. ಸ್ಕೂಲಿನಲ್ಲಿ ಓಡಲಾರದೆ ನೀನು ಏದುಸಿರು ಬಿಟ್ಟುಕೊಂಡು ಬಂದಾಗಲೆಲ್ಲ "ನಿನ್ನ ತೂಕ ಯಾವಾಗಲೂ ಸರಿಯಾಗೇ ಇತ್ತು, ಇದು ಸೋಮಾರಿತನ" ಎಂದು ನಾನೇ ಬೈದೆ. ಹಾಗೆ ಹೇಳಿ ಹೇಳಿ ನಾನೂ ನಂಬಿಬಿಟ್ಟಿದ್ದೆ. ನಿಮ್ಮಪ್ಪನಿಗೆ ಇವತ್ತಿಗೂ ಗೊತ್ತಿಲ್ಲ. ಇವತ್ತು ಸಂಜೆ ಹೇಳುತ್ತೇನೆ. ಆ ಕಾರ್ಡನ್ನು ಪೆಟ್ಟಿಗೆಯಿಂದ ತೆಗೆದು, ಒಂಬತ್ತನ್ನು ಹೊಡೆದು ಏಳು ಎಂದು ಬರೆದು, ಪಕ್ಕದಲ್ಲಿ ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ನೀನು ಸೋಮಾರಿಯಲ್ಲ ಧರಣಿ. ಒಂದು ದಿನವೂ ಆಗಿರಲಿಲ್ಲ. ಇರುವುದೋ ಬಿಟ್ಟು ಬರುವುದೋ ನೀನೇ ನಿರ್ಧರಿಸು, ಆದರೆ ನಾನು ಬರೆದ ಸುಳ್ಳನ್ನು ನಂಬಿ ನಿರ್ಧರಿಸಬೇಡ. ಫೆಬ್ರವರಿ ಮೊದಲ ಭಾನುವಾರ ಮನೆಯವರನ್ನು ನೋಡಲು ಬಿಡುತ್ತಾರಂತೆ, ರೈಲಿಗೆ ಟಿಕೆಟ್ ಆಗಿದೆ. ಬೆಳಿಗ್ಗೆ ಒಂಬತ್ತಕ್ಕೆ ಗೇಟಿನ ಹತ್ತಿರ ಇರುತ್ತೇನೆ. ಬೈಯುವುದಿದ್ದರೆ ಎದುರಿಗೆ ಬಂದು ಬೈಯಿ. ನೋಡಲು ಮನಸ್ಸಾಗದಿದ್ದರೆ ಬರಬೇಡ, ನಾನು ಸಂಜೆ ಗೇಟು ಮುಚ್ಚುವವರೆಗೂ ಅಲ್ಲೇ ನಿಂತಿರುತ್ತೇನೆ.