ನಿಮ್ಮ ಜೇಬಿನಲ್ಲಿದ್ದ ಕೀಲಿಕೈ

ಮಾನ್ಯ ಔಷಧ ಉಗ್ರಾಣಾಧಿಕಾರಿಗಳೇ,

ನೀವು ಕ್ಷೇಮವಾಗಿದ್ದೀರೆಂದು ಕೇಳಿ ನನಗೇನೂ ಸಂತೋಷವಾಗಿಲ್ಲ. ನನ್ನ ಅಕ್ಕ ನಿಮ್ಮ ಆಸ್ಪತ್ರೆಯಲ್ಲಿ ಮೂರು ದಿನ ನೋವಿನಲ್ಲಿ ಅರಚಿ ಅರಚಿ ಸತ್ತಳು. ಅವಳ ಔಷಧ ಹತ್ತು ಹೆಜ್ಜೆ ದೂರದ ಕಪಾಟಿನಲ್ಲಿತ್ತು. ಕಪಾಟಿನ ಕೀಲಿಕೈ ನಿಮ್ಮ ಜೇಬಿನಲ್ಲಿ, ನೀವು ಪರವೂರಿನಲ್ಲಿ ‘ರೋಗಿಸ್ನೇಹಿ ಆಡಳಿತ’ದ ತರಬೇತಿಯಲ್ಲಿ. ಏನು ಕಲಿತು ಬಂದಿರಿ ಸ್ವಾಮಿ?

ಆ ಔಷಧ ಮಾರ್ಫಿನ್. ಗಸಗಸೆ ಗಿಡದ ಹಸಿ ಕಾಯಿ ಗೀರಿದರೆ ಒಸರುವ ಹಾಲಿನಲ್ಲಿರುವ, ನೋವು ಅಡಗಿಸುವ ಸಸ್ಯಕ್ಷಾರ. ಅತಿಯಾದರೆ ಉಸಿರನ್ನೇ ನಿಲ್ಲಿಸುತ್ತದೆ, ನಿಜ. ಅದಕ್ಕೆ ಬೀಗ ಬೇಕು, ಅದೂ ನಿಜ. ಆದರೆ ವೈದ್ಯರು ಅಳೆದು ಕೊಟ್ಟರೆ ಏನಾಗುತ್ತದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಕ್ಯಾನ್ಸರ್ ಮೂಳೆಗಿಳಿದು ಮುಟ್ಟಿದರೆ ಚೀರುತ್ತಿದ್ದ ಅಕ್ಕ, ಔಷಧ ಕುಡಿದ ಅರ್ಧ ಗಂಟೆಗೆ, "ಲೋ, ನಿನ್ನ ಅಂಗಿ ಗುಂಡಿ ಕಿತ್ತೋಗಿದೆ, ಕೊಡಿಲ್ಲಿ ಹೊಲೀತೀನಿ" ಅಂದಳು. ಹೊಲಿದೂ ಕೊಟ್ಟಳು. ಆ ಸೀಸೆ ಮುಗಿದ ದಿನ ನೀವು ಊರಲ್ಲಿರಲಿಲ್ಲ.

ಕಪಾಟಿಗೆ ಬೀಗ ಕೂರಿಸಿದವನು ನಾನೇ. ಬೀಗ ರಿಪೇರಿ ನನ್ನ ಕಸುಬು. ಎರಡು ಕೀಲಿಕೈ ಹಾಕಿದರೆ ಮಾತ್ರ ತೆರೆಯುವ ಬೀಗ: ಒಂದು ನರ್ಸಮ್ಮನದು, ಒಂದು ನಿಮ್ಮದು. ಎಂಥಾ ಕೆಲಸ ಮಾಡಿದೆ ನೋಡು ಅಂತ ಅಕ್ಕನ ಮುಂದೆಯೇ ಜಂಬ ಕೊಚ್ಚಿಕೊಂಡಿದ್ದೆ! ಆ ಮೂರು ದಿನ ನನ್ನ ಸಲಕರಣೆ ಚೀಲ ಅವಳ ಮಂಚದ ಕೆಳಗೇ ಇತ್ತು. ಎರಡು ನಿಮಿಷ ಸಾಕಿತ್ತು. ಎದ್ದೆ. ಅಕ್ಕ ತೋಳು ಹಿಡಿದಳು. "ಬೇಡ ಕಣೋ. ನಾನಂತೂ ಹೋಗೋಳು, ನೀನು ಜೈಲಿಗೆ ಹೋಗ್ಬೇಡ." ಕೂತೆ. ಯಾಕಾದರೂ ಕೂತೆನೋ!

ನರ್ಸಮ್ಮ ಫೋನ್ ಮಾಡಿ ಗೋಗರೆದಾಗ ನೀವು ಹೇಳಿದ್ದೇನು? "ಅಷ್ಟೊಂದು ಕೊಟ್ರೆ ಚಟ ಆಗುತ್ತಮ್ಮ." ಮೂರು ದಿನದ ಆಯುಸ್ಸಿನವಳಿಗೆ ಚಟ! ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ನಿಮ್ಮಂಥ ಪೂಜಾರಿಯನ್ನು ಆ ಗಾದೆ ಕಟ್ಟಿದವರೂ ಕಂಡಿರಲಿಕ್ಕಿಲ್ಲ.

ಈಗ ನನ್ನ ಸಂತೋಷದ ಸುದ್ದಿ ಕೇಳಿ. ಹೋದ ವಾರ ನೀವು ಆ ಕೀಲಿಕೈ ಎಲ್ಲೋ ಬೀಳಿಸಿಕೊಂಡು, ಬೀಗ ಬದಲಿಸಲು ನನ್ನನ್ನೇ ಕರೆಸಿದಿರಿ. ಯಾರು ಬಂದದ್ದೆಂದು ಕತ್ತೆತ್ತಿಯೂ ನೋಡಲಿಲ್ಲ. ನರ್ಸಮ್ಮ ಬರೆದು ತಂದ ಆದೇಶಕ್ಕೆ ಎಂದಿನಂತೆ ಓದದೆ ಸಹಿ ಗೀಚಿದಿರಿ. ಈಗಲಾದರೂ ಓದಿ: ‘ಎರಡೂ ಕೀಲಿಕೈಗಳು ಪಾಳಿಯ ವೈದ್ಯರು ಮತ್ತು ನರ್ಸ್ ಬಳಿ ಮಾತ್ರ ಇರತಕ್ಕದ್ದು, ಆಸ್ಪತ್ರೆಯಿಂದ ಹೊರಗೆ ಒಯ್ಯತಕ್ಕದ್ದಲ್ಲ.’ ನಿಮ್ಮದೇ ಸಹಿ, ನಿಮ್ಮದೇ ಮೊಹರು. ನಿಮಗೆ ಕೀಲಿಕೈ ಇಲ್ಲ. ಮಾಡಿದ್ದುಣ್ಣೋ ಮಹರಾಯ.

ನನ್ನ ಬೇಡಿಕೆ ಒಂದೇ. ಆ ಆದೇಶ ರದ್ದು ಮಾಡುವ ಆಸೆಯಿದ್ದರೆ ನಿಮ್ಮ ಕೊಠಡಿಯಲ್ಲಿ ಕೂತು ಮಾಡಬೇಡಿ. ಅಕ್ಕ ಮಲಗಿದ್ದ ಆರನೇ ಹಾಸಿಗೆಯ ಹತ್ತಿರ ಬನ್ನಿ. ಈಗ ಅಲ್ಲೊಬ್ಬ ಮೇಷ್ಟ್ರಿದ್ದಾರೆ. ನಿನ್ನೆ ಔಷಧ ಕುಡಿದು ಪೇಪರ್ ಓದುತ್ತಿದ್ದರು. ಅವರ ಮುಖ ನೋಡಿಕೊಂಡು, ಗಟ್ಟಿಯಾಗಿ ಓದಿ, ಸಹಿ ಹಾಕಿ. ನಾನೂ ಅಲ್ಲೇ ನಿಂತಿರುತ್ತೇನೆ. ಈ ಸಲ ಕೂರುವುದಿಲ್ಲ.

ಇಂತಿ,
ಅಕ್ಕ ಹೊಲಿದ ಗುಂಡಿಯ ಅಂಗಿ ತೊಟ್ಟ,
ತಡವಾಗಿ ಬೀಗ ತೆಗೆದ ತಮ್ಮ